ಶಾಲೆಯ ವೆಚ್ಚವೂ ಊರಿನ ವಿದ್ಯಾಭಿಮಾನವೂ

ಪ್ರಶ್ನೆಯ ಸ್ವರೂಪ

ಒಬ್ಬ ಗೃಹಸ್ಥನು ಯಾವುದನ್ನು ಹೆಚ್ಚೆಂದು ಬಗೆಯುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಅವನ ಮನೆಯ ಖರ್ಚುವೆಚ್ಚವನ್ನು ನೋಡಬೇಕೆಂಬುದು ಲೋಕರೂಢಿಯ ಮಾತು. ಒಂದು ಮನೆಯ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿದೆ. ಕರೆಯುವ ಎಮ್ಮೆಯನ್ನು ಮಾರಿ ಮಗನನ್ನು ಪಟ್ಟಣದ ಕಾಲೇಜಿಗೆ ಸೇರಿಸಿದ ತಂದೆಯ ಮನಸ್ಸನ್ನು ಅರಿಯಲು ಬೇರೆ ಸಾಕ್ಷ್ಯ ಬೇಕಾಗಿಲ್ಲ. ಆದರೆ ಇದೇ ಅಳತೆಗೋಲನ್ನು ಸಾರ್ವಜನಿಕ ಶಾಲೆಯ ವೆಚ್ಚಕ್ಕೆ ಹಚ್ಚಿ, ಯಾವ ಸೀಮೆಯಲ್ಲಿ ಶಾಲೆಗಾಗಿ ಹೆಚ್ಚು ಹಣ ವಿನಿಯೋಗವಾಗುತ್ತದೆಯೋ ಆ ಸೀಮೆಯ ಜನರು ವಿದ್ಯಾಭಿಮಾನಿಗಳು, ಎಲ್ಲಿ ಕಡಿಮೆ ವಿನಿಯೋಗವಾಗುತ್ತದೆಯೋ ಅಲ್ಲಿಯವರು ಉದಾಸೀನರು ಎಂದು ತೀರ್ಮಾನಿಸುವುದು ಎಷ್ಟರಮಟ್ಟಿಗೆ ಸಾಧು? ಪ್ರಕೃತ ಲೇಖನದ ವಿಚಾರ ಇದು.

ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. “ಈ ಭಾಗದ ಜನಕ್ಕೆ ಓದಿನ ಹಂಬಲವಿಲ್ಲ, ಇಲ್ಲಿ ಎಷ್ಟು ಹಣ ಸುರಿದರೂ ವ್ಯರ್ಥ” ಎಂಬ ಮಾತು ಕಚೇರಿಗಳಲ್ಲಿಯೂ ಸಭೆಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಮಕ್ಕಳ ಸಂಖ್ಯೆ ಕುಗ್ಗಿದ ಶಾಲೆಯನ್ನು ಮುಚ್ಚಬೇಕೆ, ಬೇರೊಂದು ಶಾಲೆಯೊಡನೆ ವಿಲೀನಗೊಳಿಸಬೇಕೆ, ಅಥವಾ ಉಳಿಸಿ ಬೆಳೆಸಬೇಕೆ ಎಂಬ ನಿರ್ಣಯವು ಅನೇಕ ವೇಳೆ ಇಂತಹ ಅಭಿಪ್ರಾಯವನ್ನೇ ಅವಲಂಬಿಸಿರುತ್ತದೆ. ಅಭಿಪ್ರಾಯವು ತಪ್ಪಾಗಿದ್ದಲ್ಲಿ ಅದರ ದಂಡವನ್ನು ತೆರಬೇಕಾದವರು ಮಕ್ಕಳು. ಆದ್ದರಿಂದ ಉಪಾಧ್ಯಾಯರೂ ದಾನಿಗಳೂ ಈ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸುವುದು ಉಚಿತ.

ಪರಿಶೀಲನೆಗೆ ಕಾಮಗೆರೆಯ ಸುತ್ತಣ ಸೀಮೆ ಅತ್ಯಂತ ಯೋಗ್ಯವಾದ ಕ್ಷೇತ್ರ. ಕೊಳ್ಳೇಗಾಲದಿಂದ ಹನೂರಿಗೂ ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೂ ಸಾಗುವ ಹಾದಿಯಲ್ಲಿರುವ ಈ ಗ್ರಾಮದ ಒಂದು ಕಡೆ ಕೊಳ್ಳೇಗಾಲ ಮತ್ತು ಯಳಂದೂರಿನ ಬಯಲು, ಮತ್ತೊಂದು ಕಡೆ ಹನೂರಿನ ಮಳೆಯಾಶ್ರಿತ ಹೊಲಗಳು ಹಾಗೂ ಕಾಡಂಚಿನ ಹಾಡಿಗಳು. ಈ ಮೂರು ತಾಲ್ಲೂಕುಗಳ ಚರಿತ್ರೆಯೇ ಮೇಲಿನ ಪ್ರಶ್ನೆಗೆ ಒಂದು ಉತ್ತರವನ್ನು ಸಿದ್ಧಪಡಿಸಿ ಇಟ್ಟಿದೆ.

ಎರಡು ಆಡಳಿತಗಳ ನಡುವಣ ಸೀಮೆ

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ನಡೆದ ರಾಜ್ಯವಿಭಾಗದಲ್ಲಿ ಕೊಳ್ಳೇಗಾಲದ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಬಂದು, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಈ ಎರಡು ಊರುಗಳ ನಡುವಣ ಅಂತರ ಕೆಲವೇ ಹರದಾರಿ. ಭಾಷೆ, ಬೆಳೆ, ಜಾತ್ರೆ, ನೆಂಟಸ್ತಿಕೆ ಇವೆಲ್ಲವೂ ಗಡಿಯ ಎರಡು ಬದಿಗೂ ಹರಡಿಕೊಂಡಿದ್ದವು. ಹೀಗಿದ್ದರೂ ಸುಮಾರು ಒಂದೂವರೆ ಶತಮಾನದ ಕಾಲ ಈ ಎರಡು ಕಡೆಯ ಶಾಲೆಗಳು ಎರಡು ಬೇರೆ ಬೇರೆ ಸರ್ಕಾರಗಳ ಕಾನೂನು, ತೆರಿಗೆ ಮತ್ತು ತನಿಖಾ ವ್ಯವಸ್ಥೆಗಳಿಗೆ ಒಳಪಟ್ಟಿದ್ದವು.

ಮೈಸೂರು ಸಂಸ್ಥಾನದಲ್ಲಿ 1868ರ ವೇಳೆಗೆ ಬಿ. ಎಲ್. ರೈಸ್ ಅವರ ಸಲಹೆಯಂತೆ ಹೋಬಳಿ ಶಾಲೆಗಳ ಯೋಜನೆ ರೂಪುಗೊಂಡಿತು. 1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ವಿದ್ಯಾಭ್ಯಾಸದ ನಿಬಂಧನೆಯು ಜಾರಿಗೆ ಬಂದು, ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಯಾಯಿತು. 1930ರ ನಿಬಂಧನೆಯು ಪ್ರಾಥಮಿಕ ಶಾಲೆಗಳ ಹೊಣೆಯನ್ನು ಸ್ಥಳೀಯ ಅಧಿಕಾರ ಮಂಡಲಿಗಳಿಗೆ ವಹಿಸಿತು; 1941ರ ಕಾಯಿದೆಯು ಅದನ್ನು ಮತ್ತೆ ಸರ್ಕಾರದ ಕೈಗೆ ತಂದಿತು. ಮದರಾಸು ಪ್ರಾಂತದ ಕ್ರಮವೇ ಬೇರೆ. ಅಲ್ಲಿ ಜಿಲ್ಲಾ ಬೋರ್ಡುಗಳ ಶಾಲೆಗಳೊಡನೆ ಖಾಸಗಿಯವರು ನಡೆಸುವ ಸಹಾಯಧನದ ಶಾಲೆಗಳು ಹೇರಳವಾಗಿದ್ದವು. 1920ರ ಪ್ರಾಥಮಿಕ ವಿದ್ಯಾಭ್ಯಾಸ ಕಾಯಿದೆಯು ಶಿಕ್ಷಣಕ್ಕಾಗಿ ಪ್ರತ್ಯೇಕ ತೆರಿಗೆಯನ್ನು ವಿಧಿಸಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ನೀಡಿತು.

ಈ ಬೋರ್ಡುಗಳ ನಿರ್ಣಯಗಳಾದರೂ ಜನತೆಯ ಇಷ್ಟವನ್ನು ಪ್ರತಿಬಿಂಬಿಸುತ್ತಿದ್ದವೆ? ಆ ಕಾಲದಲ್ಲಿ ಮತ ನೀಡುವ ಹಕ್ಕು ಆಸ್ತಿ ಮತ್ತು ತೆರಿಗೆಯನ್ನು ಅವಲಂಬಿಸಿತ್ತೆಂಬುದನ್ನು ಮರೆಯಲಾಗದು. ಜಮೀನಿಲ್ಲದ ಕೂಲಿಯವನಾಗಲಿ, ಮಗ್ಗದ ಮುಂದೆ ಕುಳಿತ ನೇಯ್ಗೆಯವನಾಗಲಿ ತನ್ನ ಮಗುವಿಗೆ ಶಾಲೆ ಬೇಕೆಂದು ಎಷ್ಟೇ ಹಂಬಲಿಸಿದರೂ ಆ ಹಂಬಲ ಬೋರ್ಡಿನ ಲೆಕ್ಕಪತ್ರವನ್ನು ಮುಟ್ಟುವ ಹಾದಿ ಇರಲಿಲ್ಲ. ಅದರ ಮೇಲೆ ಕೊಳ್ಳೇಗಾಲವು ತಮಿಳು ಬಹುಸಂಖ್ಯಾತವಾದ ಜಿಲ್ಲೆಯ ಒಂದು ಅಂಚಿನ ತಾಲ್ಲೂಕು; ಜಿಲ್ಲಾ ಕೇಂದ್ರವಾದರೋ ಬೆಟ್ಟಸಾಲಿನ ಆಚೆ ಬದಿಯಲ್ಲಿತ್ತು.

ಗಡಿಯ ಪ್ರಭಾವ ಎಷ್ಟು ಪ್ರಬಲವೆಂಬುದಕ್ಕೆ 1953ರ ಘಟನೆ ಉತ್ತಮ ನಿದರ್ಶನ. ಆಗ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳಿಗೆ ಹೊಸದೊಂದು ಯೋಜನೆಯನ್ನು ತಂದರು. ಅದರ ಪ್ರಕಾರ ಮಗುವು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಓದಿ, ಉಳಿದ ವೇಳೆಯಲ್ಲಿ ಮನೆಯ ಕಸುಬನ್ನು ಕಲಿಯಬೇಕಾಗಿತ್ತು. ಒಂದೇ ಕಟ್ಟಡದಲ್ಲಿ, ಇರುವ ಉಪಾಧ್ಯಾಯರಿಂದಲೇ ಎರಡು ಪಾಳಿ ನಡೆಸಿ ಹೆಚ್ಚು ಮಕ್ಕಳಿಗೆ ಶಾಲೆ ಒದಗಿಸಬಹುದೆಂಬ ಮಿತವ್ಯಯದ ದೃಷ್ಟಿಯೂ ಅದರಲ್ಲಿತ್ತು. ಕಸುಬನ್ನು ಜಾತಿಗೆ ಕಟ್ಟಿಹಾಕುವ ಕ್ರಮವೆಂದು ಅದಕ್ಕೆ ತೀವ್ರ ವಿರೋಧ ಎದ್ದಿತು; 1954ರಲ್ಲಿ ಕಾಮರಾಜರ ಸರ್ಕಾರವು ಅದನ್ನು ಹಿಂದೆಗೆದುಕೊಂಡಿತು. ಈ ಅವಧಿಯಲ್ಲಿ ಕೊಳ್ಳೇಗಾಲದ ಹಳ್ಳಿಗಳು ಮದರಾಸು ರಾಜ್ಯದಲ್ಲಿದ್ದವು. ಯಳಂದೂರಿನ ಹಳ್ಳಿಗಳು ಮೈಸೂರು ರಾಜ್ಯದಲ್ಲಿದ್ದವು. ಒಂದು ಕಡೆಯ ಶಾಲೆಗೆ ಅನ್ವಯವಾದ ಆಜ್ಞೆ ಮತ್ತೊಂದು ಕಡೆಯ ಶಾಲೆಗೆ ಅನ್ವಯವಾಗಲಿಲ್ಲ. ಯಳಂದೂರಿನ ತಂದೆಗೆ ಮಗನ ಓದು ಕೊಳ್ಳೇಗಾಲದ ತಂದೆಗಿಂತ ಇಮ್ಮಡಿ ಪ್ರಿಯವಾಗಿತ್ತೆಂದು ಇದರಿಂದ ಯಾರಾದರೂ ಹೇಳಬಲ್ಲರೆ?

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ಕಾಮಗೆರೆಯಂತಹ ಊರುಗಳ ಶಾಲೆಗಳಿಗೆ ಬೇರೆ ಪಠ್ಯಕ್ರಮ, ಬೇರೆ ವೇತನಶ್ರೇಣಿ, ಬೇರೆ ಆಯವ್ಯಯ ಅನ್ವಯವಾಗತೊಡಗಿದವು. ಹಿಂದಿನ ರಾತ್ರಿ ಮಲಗಿದ ಜನವೇ ಮರುದಿನ ಬೆಳಿಗ್ಗೆ ಎದ್ದದ್ದು. ಅವರ ವಿದ್ಯಾಭಿಮಾನ ರಾತ್ರೋರಾತ್ರಿ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಮುಂದೆ 1997ರಲ್ಲಿ ಚಾಮರಾಜನಗರ ಜಿಲ್ಲೆಯು ರಚಿತವಾದಾಗಲೂ, ಆ ಬಳಿಕ ಹನೂರು ಪ್ರತ್ಯೇಕ ತಾಲ್ಲೂಕಾದಾಗಲೂ ಹಣ ಹರಿಯುವ ಕಾಲುವೆಗಳು ಬದಲಾದವು. ವೆಚ್ಚವು ಜನತೆಯ ಮನಸ್ಸಿನ ಕನ್ನಡಿಯಾಗಿದ್ದಲ್ಲಿ, ಮುಖ ಬದಲಾಗದೆ ಪ್ರತಿಬಿಂಬ ಬದಲಾಗುವುದು ಸಾಧ್ಯವಿರಲಿಲ್ಲ.

ಒಂದು ಸಿದ್ಧಾಂತ ಮತ್ತು ಅದರ ಪರೀಕ್ಷೆ

ಕೊಳ್ಳೇಗಾಲವು ರಾಜ್ಯ ಬದಲಿಸಿದ ಅದೇ 1956ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೌ ಎಂಬುವರು ಸ್ಥಳೀಯ ವೆಚ್ಚವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರ ಸಾರಾಂಶ ಹೀಗಿದೆ: ಪ್ರತಿಯೊಂದು ಪಟ್ಟಣವೂ ತನ್ನದೇ ಆದ ತೆರಿಗೆಯನ್ನು ವಿಧಿಸಿ ತನ್ನದೇ ಆದ ಸೌಕರ್ಯಗಳನ್ನು ಒದಗಿಸುತ್ತದೆ, ಒಳ್ಳೆಯ ಶಾಲೆ ಬೇಕೆನ್ನುವವನು ಹೆಚ್ಚು ತೆರಿಗೆಯ ಊರಿನಲ್ಲಿ ನೆಲೆಸುತ್ತಾನೆ, ಬೇಡವೆನ್ನುವವನು ಕಡಿಮೆ ತೆರಿಗೆಯ ಊರಿಗೆ ಹೋಗುತ್ತಾನೆ, ಹೀಗೆ ಜನರು ತಮ್ಮ ಕಾಲುಗಳಿಂದಲೇ ಮತ ಚಲಾಯಿಸುವುದರಿಂದ ಪ್ರತಿ ಊರಿನ ವೆಚ್ಚವೂ ಅಲ್ಲಿಯ ನಿವಾಸಿಗಳ ಇಷ್ಟಕ್ಕೆ ಹೊಂದಿಕೊಳ್ಳುತ್ತದೆ. ವಾದವು ಚತುರವಾಗಿದೆ. ಆದರೆ ಇದು ಫಲಿಸಬೇಕಾದರೆ ಜನರು ಊರಿನಿಂದ ಊರಿಗೆ ನಿರಾತಂಕವಾಗಿ ಹೋಗುವಂತಿರಬೇಕು, ಆಯ್ದುಕೊಳ್ಳಲು ಅನೇಕ ಊರುಗಳಿರಬೇಕು, ಜೀವನೋಪಾಯವು ನೆಲಕ್ಕೆ ಅಂಟಿಕೊಂಡಿರಬಾರದು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟವನ್ನು ನಂಬಿದ ರೈತನು ಶಾಲೆಯನ್ನು ಹುಡುಕಿಕೊಂಡು ತೋಟವನ್ನು ಹೊತ್ತೊಯ್ಯಲಾರ. ಈ ಸೀಮೆಯಲ್ಲಿ ಜನರು ಗಡಿಯನ್ನು ದಾಟಲಿಲ್ಲ. ಗಡಿಯೇ ಜನರನ್ನು ದಾಟಿತು.

ಸಿದ್ಧಾಂತವು ಹುಟ್ಟಿದ ನಾಡಿನಲ್ಲಿಯೂ ಅದಕ್ಕೆ ಕಠಿಣವಾದ ಪರೀಕ್ಷೆ ಎದುರಾಯಿತು. ಅಮೆರಿಕದಲ್ಲಿ ಸಾರ್ವಜನಿಕ ಶಾಲೆಗಳ ವೆಚ್ಚದ ಬಹುಭಾಗವನ್ನು ಬಹುಕಾಲದಿಂದ ಸ್ಥಳೀಯ ಆಸ್ತಿ ತೆರಿಗೆಯಿಂದ ಭರಿಸುತ್ತ ಬಂದಿದ್ದಾರೆ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಎಡ್ಜ್‌ವುಡ್ ಎಂಬುದು ಬಡವರ ಶಾಲಾ ವಲಯ, ಅಲಾಮೊ ಹೈಟ್ಸ್ ಎಂಬುದು ಶ್ರೀಮಂತರ ಶಾಲಾ ವಲಯ. 1967-68ರಲ್ಲಿ ಎಡ್ಜ್‌ವುಡ್ಡಿನವರು ನೂರು ಡಾಲರ್ ಮೌಲ್ಯದ ಆಸ್ತಿಗೆ 1.05 ಡಾಲರಿನಂತೆ ತೆರಿಗೆ ತೆತ್ತರು. ಅದರಿಂದ ಶಾಲೆಗೆ ಒದಗಿದ್ದು ಪ್ರತಿ ಮಗುವಿಗೆ 26 ಡಾಲರ್. ಅಲಾಮೊ ಹೈಟ್ಸಿನವರು 0.85 ಡಾಲರಿನಂತೆ ಕಡಿಮೆ ದರದಲ್ಲಿ ತೆತ್ತರೂ ಪ್ರತಿ ಮಗುವಿಗೆ 333 ಡಾಲರ್ ಒದಗಿತು. ಬಡವರ ಪೋಷಕರು ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಐವರು ನ್ಯಾಯಮೂರ್ತಿಗಳ ಬಹುಮತದಿಂದ, ನಾಲ್ವರ ಭಿನ್ನಾಭಿಪ್ರಾಯದೊಡನೆ, ಅವರ ಮನವಿಯನ್ನು ತಳ್ಳಿಹಾಕಿತು. ತೀರ್ಪು ಏನೇ ಆಗಿರಲಿ, ಅಂಕಿಗಳು ಕಲಿಸುವ ಪಾಠ ಸ್ಪಷ್ಟವಾಗಿದೆ. ತಮ್ಮ ಆಸ್ತಿಯ ಹೆಚ್ಚಿನ ಪಾಲನ್ನು ಶಾಲೆಗೆ ಕೊಟ್ಟವರ ಮಕ್ಕಳಿಗೆ ಕಡಿಮೆ ಹಣ ಸಂದಿತು. ತೆರಿಗೆಯನ್ನು ಊರವರೇ ನಿರ್ಧರಿಸುವಲ್ಲಿಯೂ ವೆಚ್ಚವು ಆಸ್ತಿಯ ಅಳತೆಯಾಗುವುದೇ ಹೊರತು ಅಭಿಮಾನದ ಅಳತೆಯಾಗುವುದಿಲ್ಲ.

ಈಗಿನ ವೆಚ್ಚವು ನಿರ್ಧಾರವಾಗುವ ಬಗೆ

ನಮ್ಮಲ್ಲಿ ಊರವರು ಶಾಲೆಯ ವೆಚ್ಚವನ್ನು ನಿರ್ಧರಿಸುವ ಅವಕಾಶ ಇನ್ನೂ ಕಡಿಮೆ. ಗ್ರಾಮ ಪಂಚಾಯತಿಗೆ ಮನೆಕಂದಾಯ ಕಟ್ಟುವಾಗ ಅದರೊಡನೆ ಶಿಕ್ಷಣದ ಕರವೂ ಸೇರಿರುತ್ತದೆ. ಆದರೆ ಆ ಹಣದಿಂದ ತನ್ನೂರಿನ ಶಾಲೆಗೆ ಒಬ್ಬ ಉಪಾಧ್ಯಾಯರನ್ನು ಹೆಚ್ಚಿಗೆ ನೇಮಿಸುವಂತೆ ಹೇಳುವ ಅಧಿಕಾರ ತೆರಿಗೆದಾರನಿಗಿಲ್ಲ. ಕೇಂದ್ರ ಸರ್ಕಾರವು 2004ರಲ್ಲಿ ಶೇಕಡ 2ರ ಶಿಕ್ಷಣ ಮೇಲ್ತೆರಿಗೆಯನ್ನು ತಂದು, 2007ರಲ್ಲಿ ಅದಕ್ಕೆ ಶೇಕಡ 1ನ್ನು ಕೂಡಿಸಿತು; 2018ರಲ್ಲಿ ಆದಾಯ ತೆರಿಗೆಯ ಮೇಲಣ ಈ ಮೇಲ್ತೆರಿಗೆಯನ್ನು ಆರೋಗ್ಯ ಮತ್ತು ಶಿಕ್ಷಣ ಎರಡಕ್ಕೂ ಸೇರಿಸಿ ಶೇಕಡ 4 ಎಂದು ಗೊತ್ತುಪಡಿಸಲಾಯಿತು. ಇದರ ನಿರ್ಣಯವಾದದ್ದು ದೆಹಲಿಯಲ್ಲಿ. 1964-66ರ ಕೊಠಾರಿ ಆಯೋಗವು ರಾಷ್ಟ್ರೀಯ ಆದಾಯದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ಸೂಚಿಸಿತು; 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಗುರಿಯನ್ನು ಪುನರುಚ್ಚರಿಸಬೇಕಾಗಿ ಬಂದಿತು. ಗುರಿ ಮುಟ್ಟದಿರುವುದಕ್ಕೆ ಕಾಮಗೆರೆಯ ಪೋಷಕರನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಶಾಲಾ ವೆಚ್ಚದಲ್ಲಿ ಸಿಂಹಪಾಲು ಉಪಾಧ್ಯಾಯರ ವೇತನದ್ದು. ಹುದ್ದೆಗಳ ಸಂಖ್ಯೆಯನ್ನು ನಿಯಮವು ನಿರ್ಧರಿಸುತ್ತದೆ. ವೇತನವನ್ನು ರಾಜ್ಯದ ಶ್ರೇಣಿ ನಿರ್ಧರಿಸುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಬಂಧದಂತೆ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರಿರಬೇಕು. ಲೆಕ್ಕಕ್ಕಾಗಿ ಇಬ್ಬರ ವೇತನ ವರ್ಷಕ್ಕೆ 12 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ಶಾಲೆಯಲ್ಲಿ 60 ಮಕ್ಕಳಿದ್ದರೆ ತಲಾ ವೆಚ್ಚ 20,000 ರೂಪಾಯಿ. ಪೋಷಕರು ಶಾಲೆಯಲ್ಲಿ ನಂಬಿಕೆ ಕಳೆದುಕೊಂಡು 45 ಮಕ್ಕಳನ್ನು ಬೇರೆಡೆಗೆ ಸೇರಿಸಿದರೆಂದು ಭಾವಿಸೋಣ. ಉಳಿದ 15 ಮಕ್ಕಳಿಗೆ ತಲಾ ವೆಚ್ಚ 80,000 ರೂಪಾಯಿಗೆ ಏರುತ್ತದೆ. ಊರು ಶಾಲೆಯಿಂದ ದೂರ ಸರಿದಷ್ಟೂ ಕಾಗದದ ಮೇಲೆ ತಲಾ ವೆಚ್ಚವು ನಾಲ್ಮಡಿಯಾಗುತ್ತದೆ! ಈ ಅಂಕಿಯನ್ನು ನೋಡಿ ಊರವರು ಶಾಲೆಯನ್ನು ನಾಲ್ಮಡಿ ಗೌರವಿಸುತ್ತಿದ್ದಾರೆಂದು ಹೇಳಿದರೆ ಅದು ಹಾಸ್ಯಾಸ್ಪದವಾದೀತು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಕಾಡಂಚಿನ ಊರಿಗೆ ವರ್ಗವಾಗಿ ಹೋಗಲು ಅನೇಕರು ಹಿಂಜರಿಯುತ್ತಾರೆ. ಹುದ್ದೆ ಖಾಲಿ ಉಳಿಯುತ್ತದೆ. ಅತಿಥಿ ಶಿಕ್ಷಕರು ಅಲ್ಪ ಗೌರವಧನಕ್ಕೆ ಕೆಲಸ ಮಾಡುತ್ತಾರೆ. ಆ ವರ್ಷ ಆ ಶಾಲೆಯ ವೆಚ್ಚ ಕಡಿಮೆಯಾಗಿ ಕಾಣುತ್ತದೆ. ಹತ್ತಿರದ ಪಟ್ಟಣದ ಶಾಲೆಯಲ್ಲಿ ಸೇವಾವಧಿ ಹೆಚ್ಚಿದ ಹಿರಿಯ ಉಪಾಧ್ಯಾಯರಿರುವುದರಿಂದ ಅಲ್ಲಿಯ ವೆಚ್ಚ ಹೆಚ್ಚಾಗಿ ಕಾಣುತ್ತದೆ. ಬಸ್ಸಿನ ಸೌಕರ್ಯ, ಸೇವಾವಧಿ, ವರ್ಗಾವಣೆಯ ನಿಯಮ ಇವುಗಳ ಲೆಕ್ಕವೇ ಇಲ್ಲಿ ವೆಚ್ಚದ ಹೆಸರಿನಲ್ಲಿ ನಿಂತಿದೆ. ಸೋಲಿಗರ ಮಕ್ಕಳಿಗಾಗಿ ನಡೆಯುವ ಆಶ್ರಮ ಶಾಲೆಗಳಲ್ಲಿ ಊಟ ವಸತಿಯ ವೆಚ್ಚವೂ ಸೇರುವುದರಿಂದ ತಲಾ ಲೆಕ್ಕ ಮತ್ತೂ ಬೇರೆಯಾಗುತ್ತದೆ. ಅದು ದುರ್ಬಲ ವರ್ಗದವರ ಶಿಕ್ಷಣವನ್ನು ಪೋಷಿಸಬೇಕೆಂಬ ಸಂವಿಧಾನದ 46ನೆಯ ಅನುಚ್ಛೇದದ ಆದೇಶಕ್ಕೆ ಅನುಗುಣವಾದ ವೆಚ್ಚ.

ವಿದ್ಯಾಭಿಮಾನವು ಕಾಣುವ ಎಡೆಗಳು

ಹಾಗಾದರೆ ಜನರು ವಿದ್ಯೆಗೆ ಕೊಡುವ ಬೆಲೆಯನ್ನು ಅಳೆಯುವ ಮಾರ್ಗವೇ ಇಲ್ಲವೆ? ಇದೆ. ಅದಕ್ಕಾಗಿ ಸರ್ಕಾರದ ಆಯವ್ಯಯವನ್ನು ಮುಚ್ಚಿಟ್ಟು ಮನೆಯ ಆಯವ್ಯಯವನ್ನು ತೆರೆಯಬೇಕು. ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲದಿದ್ದರೂ ಓದು ಬಡವನಿಗೆ ಧರ್ಮಕ್ಕೆ ದೊರೆಯುವುದಿಲ್ಲ. ರೇಷ್ಮೆ ಹುಳು ನಾಲ್ಕನೆಯ ಜ್ವರವೆದ್ದು ಸೊಪ್ಪನ್ನು ಬಾಚಿ ಬಾಚಿ ತಿನ್ನುವ ದಿನಗಳಲ್ಲಿ ಮನೆಯ ಪ್ರತಿಯೊಂದು ಕೈಗೂ ಕೆಲಸವಿರುತ್ತದೆ. ರಾಗಿಯ ಕಟಾವಿನ ಕಾಲದಲ್ಲಿಯೂ ಅಷ್ಟೆ. ಅಂತಹ ದಿನಗಳಲ್ಲಿ ಹನ್ನೆರಡು ವರ್ಷದ ಮಗಳನ್ನು ಶಾಲೆಗೆ ಕಳುಹಿಸುವ ತಾಯಿಯು ಒಂದು ಆಳಿನ ಕೂಲಿಯನ್ನು ತೆರುತ್ತಾಳೆ. ಆ ಹಣ ಯಾವ ಇಲಾಖೆಯ ವರದಿಯಲ್ಲಿಯೂ ನಮೂದಾಗುವುದಿಲ್ಲ. ವಿದ್ಯೆಗಾಗಿ ಊರು ಮಾಡುವ ನಿಜವಾದ ವೆಚ್ಚ ಅದು.

1999ರಲ್ಲಿ ಪ್ರಕಟವಾದ ‘ಪ್ರೋಬ್’ ವರದಿಯು ಉತ್ತರ ಭಾರತದ ಹಳ್ಳಿಗಳಲ್ಲಿ ಪೋಷಕರನ್ನು ಮಾತನಾಡಿಸಿ ಸಿದ್ಧಪಡಿಸಿದ ಅಧ್ಯಯನ. ಶಾಲೆಗಳು ಅತ್ಯಂತ ದುಸ್ಥಿತಿಯಲ್ಲಿದ್ದ ಆ ಪ್ರದೇಶಗಳಲ್ಲಿಯೂ ಗಂಡು ಮಕ್ಕಳಿಗೆ ವಿದ್ಯೆ ಮುಖ್ಯವೆಂದವರು ಶೇಕಡ 98 ಮಂದಿ. ಹೆಣ್ಣು ಮಕ್ಕಳಿಗೆ ಮುಖ್ಯವೆಂದವರು ಶೇಕಡ 89 ಮಂದಿ. ತಂದೆತಾಯಿಗಳ ಔದಾಸೀನ್ಯವೇ ನಿರಕ್ಷರತೆಗೆ ಕಾರಣವೆಂಬ ಹಳೆಯ ವಾದಕ್ಕೆ ಅಲ್ಲಿ ಆಧಾರ ದೊರೆಯಲಿಲ್ಲ. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಶೇಕಡ 61.43, ರಾಜ್ಯದ ಸಾಕ್ಷರತೆ ಶೇಕಡ 75.36. ಈ ಅಂತರವನ್ನು ಕಂಡು ಮರುಗುವುದು ಸಹಜ. ಆದರೆ ಸಾಕ್ಷರತೆಯ ಪ್ರಮಾಣದಲ್ಲಿ ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಶಾಲೆಯೇ ಇಲ್ಲದ ಊರಿನಲ್ಲಿ ಬೆಳೆದ ಅಜ್ಜಿಯೂ ಎಣಿಕೆಗೆ ಬರುತ್ತಾಳೆ. ಆಕೆಯ ಹೆಬ್ಬೆಟ್ಟಿನ ಗುರುತು ಅಂದಿನ ಅವಕಾಶದ ಅಭಾವಕ್ಕೆ ಸಾಕ್ಷಿ; ಅದೇ ಅಜ್ಜಿ ಇಂದು ಮೊಮ್ಮಗಳ ಬಸ್ಸಿನ ಪಾಸಿಗೆ ಸೆರಗಿನ ಗಂಟು ಬಿಚ್ಚುತ್ತಾಳೆ.

ಒಳ್ಳೆಯ ಶಾಲೆಯನ್ನು ಹತ್ತಿರಕ್ಕೆ ತಂದಾಗ ಜನರು ಏನು ಮಾಡುತ್ತಾರೆಂಬುದಕ್ಕೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಚಿಕಿತ್ಸೆಯೊಡನೆ ವಿದ್ಯೆಯನ್ನೂ ಸೋಲಿಗರ ಪೋಡುಗಳ ಬಳಿಗೆ ಒಯ್ದಿತು. ಅದರ ಶಾಲೆಗೆ ಸೋಲಿಗರ ಮಕ್ಕಳು ಬಂದರು, ಕಲಿತರು, ಕೆಲವರು ಉನ್ನತ ವ್ಯಾಸಂಗದವರೆಗೆ ಮುಂದುವರಿದರು. ಅದಕ್ಕೆ ಮುಂಚೆ ಅವರಿಗಾಗಿ ವಿನಿಯೋಗವಾಗುತ್ತಿದ್ದ ಹಣ ಅತ್ಯಲ್ಪವೆಂಬುದರಿಂದ ಅವರಿಗೆ ವಿದ್ಯೆಯ ಹಂಬಲವೇ ಇರಲಿಲ್ಲವೆಂದು ಅಂದು ತೀರ್ಮಾನಿಸಿದ್ದವರು ಎಷ್ಟು ತಪ್ಪು ಹಾದಿಯಲ್ಲಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ಪೋಷಕರು ಮಕ್ಕಳನ್ನು ಶುಲ್ಕದ ಶಾಲೆಗೆ ಕಳುಹಿಸುವುದೂ ಒಂದು ಸಾಕ್ಷ್ಯ. ಕೂಲಿಯ ಹಣದಲ್ಲಿ ವ್ಯಾನಿನ ಬಾಡಿಗೆ, ಸಮವಸ್ತ್ರ, ಪುಸ್ತಕಗಳ ವೆಚ್ಚ ಭರಿಸುವವರು ಇಂಗ್ಲಿಷ್ ವ್ಯಾಮೋಹಿಗಳೆಂದು ಹಳಿಯುವುದು ಸುಲಭ. ಆ ಆಯ್ಕೆ ಎಲ್ಲ ವೇಳೆಯೂ ಸರಿಯಾದುದೆಂದು ಹೇಳಲಾಗದು. ಅನೇಕ ಕಡೆ ಮಾತೃಭಾಷೆಯ ಬುನಾದಿಯೂ ಗಟ್ಟಿಯಾಗದೆ, ಪರಭಾಷೆಯೂ ದಕ್ಕದೆ ಮಗು ಅತಂತ್ರವಾಗುತ್ತದೆ. ಆದರೂ ಆ ವೆಚ್ಚದ ಹಿಂದಿರುವ ಹಂಬಲವನ್ನು ಅಲ್ಲಗಳೆಯುವಂತಿಲ್ಲ. ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ತೆಳುವಾಗುವುದು ವಿದ್ಯೆಯ ಮೇಲಣ ವೈರಾಗ್ಯದಿಂದಲ್ಲ. ಆ ಶಾಲೆಯು ತಮ್ಮ ಹಂಬಲವನ್ನು ಈಡೇರಿಸೀತೆಂಬ ಭರವಸೆ ಕುಂದಿದುದರಿಂದ.

ಅನುದಾನ ಮತ್ತು ದಾಸೋಹ

ಸಾರ್ವಜನಿಕ ವೆಚ್ಚವನ್ನು ಜನತೆಯ ಪ್ರಯತ್ನದೊಡನೆ ಜೋಡಿಸುವ ಒಂದು ಕ್ರಮ ನಮ್ಮಲ್ಲಿ ಬಹುಕಾಲದಿಂದ ಇದೆ. 1854ರ ಚಾರ್ಲ್ಸ್ ವುಡ್ ಅವರ ನಿರೂಪವು ಸಹಾಯಧನದ ಪದ್ಧತಿಗೆ ಅಡಿಪಾಯ ಹಾಕಿತು. ಸಂಘ ಸಂಸ್ಥೆಗಳು ಕಟ್ಟಡ ಮತ್ತು ಆಡಳಿತವನ್ನು ಒದಗಿಸಿದಲ್ಲಿ ಸರ್ಕಾರವು ನಿಯಮಾನುಸಾರ ನೆರವು ನೀಡುವುದೆಂಬ ತತ್ತ್ವ ಅದರದ್ದು. ಮಠಗಳು, ಮಿಷನ್‌ಗಳು, ಊರ ಹಿರಿಯರು ಕಟ್ಟಿದ ಎಷ್ಟೋ ಶಾಲೆಗಳು ಈ ತತ್ತ್ವದ ಆಶ್ರಯದಲ್ಲಿ ಬೆಳೆದವು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಹಳೆಯ ಮೈಸೂರು ಸೀಮೆಯಲ್ಲಿ ವಿಸ್ತರಿಸಿದ ಬಗೆ ಸರ್ವವಿದಿತ. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಸಹಸ್ರಾರು ವಿದ್ಯಾರ್ಥಿಗಳ ದಾಸೋಹವು ಭಕ್ತರು ತಂದೊಪ್ಪಿಸಿದ ರಾಗಿ, ಅಕ್ಕಿ, ತೆಂಗಿನಕಾಯಿಗಳಿಂದ ನಡೆಯಿತು. ಕಾಮಗೆರೆಯಲ್ಲಿಯೇ ಕ್ರೈಸ್ತ ಸಂನ್ಯಾಸಿನಿಯರ ಹೋಲಿ ಕ್ರಾಸ್ ಆಸ್ಪತ್ರೆಯು, ಸರ್ಕಾರದ ಕೈ ಸಾಲದ ಎಡೆಯಲ್ಲಿ ಸೇವಾಸಂಸ್ಥೆಗಳು ಎಷ್ಟು ಮಾಡಬಲ್ಲವೆಂಬುದಕ್ಕೆ ಕಣ್ಣೆದುರಿನ ಉದಾಹರಣೆ. ಕೊಳ್ಳೇಗಾಲವು ಬಿಟ್ಟುಬಂದ ಮದರಾಸು ರಾಜ್ಯದಲ್ಲಿಯೂ 1958ರಿಂದ ಶಾಲಾಭಿವೃದ್ಧಿ ಸಮ್ಮೇಳನಗಳು ನಡೆದು, ಊರವರು ತಮ್ಮ ಶಾಲೆಗಳಿಗೆ ಪೀಠೋಪಕರಣ, ಕಟ್ಟಡ, ಬಟ್ಟೆಬರೆಗಳನ್ನು ಸ್ವಂತ ಇಚ್ಛೆಯಿಂದ ನೀಡಿದರು. ಕೇಳುವವರು ಕೇಳಿದಾಗ ಜನತೆ ಕೊಡಲು ಹಿಂಜರಿಯಲಿಲ್ಲ.

ಹೀಗೆಂದು ದಾನದ ಮೊತ್ತವನ್ನೇ ವಿದ್ಯಾಭಿಮಾನದ ಅಳತೆಗೋಲೆಂದು ಹಿಡಿದರೆ ಮತ್ತೆ ಅದೇ ತಪ್ಪಿಗೆ ಬೀಳುತ್ತೇವೆ. ನೀರಾವರಿಯ ಊರಿನ ದಾನಿಯೊಬ್ಬರು ಒಂದು ಕೊಠಡಿಯನ್ನೇ ಕಟ್ಟಿಸಿಕೊಟ್ಟಾರು; ಒಣಭೂಮಿಯ ಊರಿನವರೆಲ್ಲ ಸೇರಿದರೂ ಒಂದು ಕಪ್ಪುಹಲಗೆಗೆ ಸಾಲುವಷ್ಟೇ ಕೂಡಿಬಂದೀತು. ಸಹಾಯಧನದ ಪದ್ಧತಿಯ ಗುಣವೂ ದೋಷವೂ ಇಲ್ಲಿಯೇ ಇದೆ. ಅದು ಕೊಟ್ಟವರಿಗೆ ಕೊಡುತ್ತದೆ. ಕೊಡಲು ಏನೂ ಇಲ್ಲದವರ ಹಾಡಿಯು ಹಿಂದೆಯೇ ಉಳಿಯುತ್ತದೆ. ದಾಸೋಹವೆಂಬ ಶರಣರ ಪದದಲ್ಲಿ ಇದಕ್ಕಿಂತ ಉದಾರವಾದ ತತ್ತ್ವವಿದೆ. ಅಲ್ಲಿ ನೀಡುವುದು ಅವರವರ ಕಾಯಕದ ಶಕ್ತಿಗೆ ಅನುಸಾರವಾಗಿ. ಪಂಕ್ತಿಯಲ್ಲಿ ಬಡಿಸುವುದು ಹಸಿವಿಗೆ ಅನುಸಾರವಾಗಿ. ಒಂದು ಸೇರು ರಾಗಿ ತಂದವನ ಮಗನಿಗೂ ಒಂದು ಗಾಡಿ ಭತ್ತ ತಂದವನ ಮಗನಿಗೂ ತಟ್ಟೆ ಒಂದೇ. 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಅನಂತರ ರಾಜ್ಯವನ್ನೆಲ್ಲ ವ್ಯಾಪಿಸಿದ ಬಿಸಿಯೂಟದ ಯೋಜನೆಗೆ ಸರ್ಕಾರವು ‘ಅಕ್ಷರ ದಾಸೋಹ’ವೆಂಬ ಹೆಸರಿಟ್ಟಿತು. ಊಟಕ್ಕೆ ಅನ್ವಯಿಸಿದ ಆ ತತ್ತ್ವವನ್ನು ಉಪಾಧ್ಯಾಯರ ನೇಮಕಕ್ಕೂ ಗ್ರಂಥಾಲಯಕ್ಕೂ ಪ್ರಯೋಗಶಾಲೆಗೂ ವಿಸ್ತರಿಸಿದಲ್ಲಿ, ಅಂದರೆ ಅಗತ್ಯ ಹೆಚ್ಚಿರುವಲ್ಲಿ ಹೆಚ್ಚು ನೀಡಿದಲ್ಲಿ, ಹೆಸರು ಸಾರ್ಥಕವಾದೀತು.

ಆಗಬೇಕಾದುದು

ಮೇಲಿನ ವಿವೇಚನೆಯಿಂದ ಕೆಲವು ಕರ್ತವ್ಯಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದಾಗಿ, ಕಡಿಮೆ ವೆಚ್ಚವಾಗಲಿ ಕಡಿಮೆ ಹಾಜರಿಯಾಗಲಿ ಕಂಡಲ್ಲಿ ಊರಿನ ಮೇಲೆ ಔದಾಸೀನ್ಯದ ಆರೋಪ ಹೊರಿಸುವ ಮುನ್ನ ಕಾರಣಗಳನ್ನು ಬಿಡಿಸಿ ನೋಡಬೇಕು. ಹುದ್ದೆಗಳು ಭರ್ತಿಯಾಗಿವೆಯೆ, ಹಾದಿಯಲ್ಲಿ ಆನೆಯ ಭಯವಿದೆಯೆ, ಕುಟುಂಬಗಳು ಕೂಲಿಗಾಗಿ ಯಾವ ತಿಂಗಳು ಗುಳೆ ಹೋಗುತ್ತವೆ, ಪ್ರೌಢಶಾಲೆಯು ಎಷ್ಟು ದೂರ, ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೆ? ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಆ ಶಾಲೆಯ ಉಪಾಧ್ಯಾಯರು. ಅವರು ಬರೆದಿಡುವ ನಾಲ್ಕು ಸಾಲು ದೂರದ ಕಚೇರಿಯ ಕೋಷ್ಟಕಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಎರಡನೆಯದಾಗಿ, ಜನತೆಯ ಇಷ್ಟವು ವೆಚ್ಚವನ್ನು ಮುಟ್ಟುವ ಹಾದಿಯನ್ನು ಅಗಲಗೊಳಿಸಬೇಕು. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನನುಸರಿಸಿ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಪೋಷಕರು ಅದರ ಸದಸ್ಯರು. ಸಹಿ ಹಾಕುವ ಮಟ್ಟಕ್ಕೆ ಅವರ ಪಾತ್ರವನ್ನು ಇಳಿಸದೆ, ಯಾವ ಬಾಬಿಗೆ ಎಷ್ಟು ಹಣ ಬಂದಿದೆ, ಯಾವುದು ಮೊದಲು ಬೇಕು ಎಂಬ ಲೆಕ್ಕವನ್ನು ಅವರ ಮುಂದೆ ಬಿಚ್ಚಿಡುವುದು ಮುಖ್ಯೋಪಾಧ್ಯಾಯರ ಧರ್ಮ. 1953ರ ಯೋಜನೆಯು ಜನರ ಪ್ರತಿಭಟನೆಯಿಂದ ಹಿಂದೆ ಸರಿದುದನ್ನು ಇಲ್ಲಿ ನೆನೆಯಬಹುದು. ಊರು ಬಾಯಿ ತೆರೆದು ಕೇಳಿದಾಗ ಮಾತ್ರ ಅದರ ಮನಸ್ಸು ಆಳುವವರಿಗೆ ತಿಳಿಯುತ್ತದೆ.

ಮೂರನೆಯದು ದಾನಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕುರಿತದ್ದು. ತಮ್ಮ ಹೆಸರಿನ ಕೊಠಡಿಯೊಂದು ಎದ್ದುನಿಲ್ಲುವುದು ಸಂತೋಷದ ವಿಷಯವೇ. ಆದರೆ ಸರ್ಕಾರದ ವೆಚ್ಚವೂ ಮುಟ್ಟದ, ಮನೆಯ ಶಕ್ತಿಯೂ ಸಾಲದ ಎಡೆ ಯಾವುದೆಂದು ಹುಡುಕಿ ಅಲ್ಲಿ ಕೊಟ್ಟ ಹಣ ಇಮ್ಮಡಿ ಫಲ ನೀಡುತ್ತದೆ. ಎಂಟನೆಯ ತರಗತಿಗೆ ಹೋಗಬೇಕಾದ ಹುಡುಗಿಯ ಬಸ್ಸಿನ ಖರ್ಚು, ಗುಳೆ ಹೋದವರ ಮಗುವಿಗೆ ಕೆಲವು ತಿಂಗಳ ವಿದ್ಯಾರ್ಥಿನಿಲಯದ ಊಟ, ಸಂಜೆಯ ಪಾಠಕ್ಕೆ ಒಂದು ದೀಪ ಮತ್ತು ಒಬ್ಬ ಉಪಾಧ್ಯಾಯ, ಇಂತಹ ಸಣ್ಣ ಬಾಬುಗಳಲ್ಲಿಯೇ ಒಂದು ಮಗುವಿನ ಓದು ಮುಂದುವರಿಯುವುದೋ ನಿಲ್ಲುವುದೋ ನಿರ್ಧಾರವಾಗುತ್ತದೆ.

ಸಾರಾಂಶವಿಷ್ಟು. ಸಾರ್ವಜನಿಕ ಶಾಲೆಯ ವೆಚ್ಚವು ಆಡಳಿತದ ಗಡಿ, ನಿಯಮ, ವೇತನಶ್ರೇಣಿ ಮತ್ತು ಸಂಪತ್ತಿನ ಕಥೆಯನ್ನು ಹೇಳುತ್ತದೆ. ನಿವಾಸಿಗಳ ಅಂತರಂಗದ ಕಥೆಯನ್ನು ಅದರಿಂದ ಓದಲಾಗದು. ಅಂತರಂಗವನ್ನು ಓದಬೇಕಾದರೆ ಅವರು ವಿದ್ಯೆಗಾಗಿ ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಅವರ ಶಕ್ತಿಯೊಡನೆ ಹೋಲಿಸಿ ನೋಡಬೇಕು. ಹಾಗೆ ನೋಡುವ ಕಣ್ಣಿಗೆ ಹನೂರಿನ ಒಣಹೊಲದ ಬಡ ರೈತನು ಯಾವ ನಗರದ ತೆರಿಗೆದಾರನಿಗೂ ಕಡಿಮೆಯವನಾಗಿ ಕಾಣುವುದಿಲ್ಲ. ಆತನ ಹಂಬಲಕ್ಕೆ ತಕ್ಕ ಶಾಲೆಯನ್ನು ಒದಗಿಸುವ ಋಣ ಸರ್ಕಾರದ ಮೇಲೂ ಸಮಾಜದ ಮೇಲೂ ವಿದ್ಯಾಸಂಸ್ಥೆಗಳ ಮೇಲೂ ಸಮನಾಗಿ ಇದೆ.